ಪಕ್ಕದ ಮನೆಯ ಬಾಗಿಲು ತೆರೆಯದಿದ್ದರೆ ನಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ?

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಮನಸ್ಸು ಕೊರೆಯುತ್ತಿರುವ ಒಂದು ವಿಷಯ ಇದೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಎಂಟು ವರ್ಷದ ಹಿಂದೆ ನಮ್ಮ ರಸ್ತೆಯಲ್ಲಿ ಇದ್ದದ್ದೆಲ್ಲ ಒಂಟಿ ಮನೆಗಳು. ಈಗ ಮೂರು ಉಳಿದಿವೆ. ಮಿಕ್ಕ ಜಾಗದಲ್ಲೆಲ್ಲ ನಾಲ್ಕೈದು ಮಹಡಿಯ ಕಟ್ಟಡಗಳು ಎದ್ದಿವೆ. ಜನ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆ ಮೂರು ಹಳೇ ಮನೆಗಳಲ್ಲಿ ಒಂದರಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರೇ ಇದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಫೋನ್ ಮಲಗುವ ಕೋಣೆಯಲ್ಲಿತ್ತು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ದಿನ ಅಲ್ಲೇ ಬಿದ್ದಿದ್ದರು.

ಕಂಡುಹಿಡಿದವರು ಎದುರಿನ ಕಟ್ಟಡದ ಸೆಕ್ಯೂರಿಟಿಯವರು. ಅಮ್ಮನ ಮನೆಯ ಹೊರಗಿನ ದೀಪ ಹಗಲಲ್ಲೂ ಉರಿಯುತ್ತಿತ್ತಂತೆ. ‘ಬೆಳಕು ಹರಿದ ಕೂಡಲೇ ದೀಪ ಆರಿಸ್ತಾರೆ, ಒಂದು ದಿನವೂ ತಪ್ಪಿಸಿದವರಲ್ಲ’ ಎಂದರು. ಹೋಗಿ ಬಾಗಿಲು ತಟ್ಟಿದ್ದಾರೆ, ಕಿವಿಗೊಟ್ಟು ಕೇಳಿದ್ದಾರೆ, ಆಮೇಲೆ ಓಡಿ ಬಂದು ನನ್ನನ್ನು ಕರೆದರು.

ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪ್‌ನಲ್ಲಿ 212 ಜನ ಇದ್ದೇವೆ. ಆ ಎರಡು ದಿನ ಅಲ್ಲಿ ಪೂರ್ತಿ ಗಾಡಿ ನಿಲ್ಲಿಸುವ ಜಾಗದ ಜಗಳ. ಅಮ್ಮನ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ದೀಪ ಕಾಣಿಸುತ್ತದೆ. ಗಮನಿಸಿದ ಮನುಷ್ಯ ಆ ಗ್ರೂಪ್‌ನಲ್ಲೇ ಇಲ್ಲ. ನಾವು ಸೇರಿಸಿಕೊಂಡೇ ಇಲ್ಲ.

ಆಪರೇಷನ್ ಆಗಿದೆ, ಅಮ್ಮ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾರೆ. ನಿಮ್ಮ ಬಡಾವಣೆಗಳೂ ಹೀಗೆ ಬದಲಾಗಿರಬೇಕು. ಅಲ್ಲಿ ನೀವೇನು ಮಾಡಿದ್ದೀರಿ? ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಕಾರ್ಯಕ್ರಮದ ಬಗ್ಗೆ ನಾನು ಕೇಳುತ್ತಿಲ್ಲ. ದಿನನಿತ್ಯದ ಬದುಕಿನ ಬಗ್ಗೆ ಕೇಳುತ್ತಿದ್ದೇನೆ.

ಮನೆಭೇಟಿ ನರ್ಸ್

ಮೂಲೆಮನೆಯವರೇ, ಓದಿ ಎದೆ ಧಸಕ್ ಎಂದಿತು. ಬಿದ್ದ ಪೆಟ್ಟಿಗಿಂತ, ಬಿದ್ದ ಮೇಲೆ ನೆಲದ ಮೇಲೆ ಕಳೆದ ಹೊತ್ತೇ ಎಷ್ಟೋ ಸಲ ಜಾಸ್ತಿ ಅಪಾಯ ಮಾಡುತ್ತದೆ. ಒಂದು ಗಂಟೆ ದಾಟಿದರೆ ಸಾಕು, ತೊಂದರೆ ಶುರು. ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಒಂದೇ ಮಗ್ಗುಲಲ್ಲಿ ಒತ್ತಿ ಹುಣ್ಣಾಗುತ್ತದೆ. ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಆ ಸೆಕ್ಯೂರಿಟಿಯವರು ಇನ್ನೂ ಅರ್ಧ ದಿನ ತಡ ಮಾಡಿದ್ದರೆ ಏನಾಗುತ್ತಿತ್ತೋ. ಅವರಿಗೆ ನನ್ನ ಕೈಮುಗಿದ ನಮಸ್ಕಾರ ಹೇಳಿ.

ಒಂಟಿತನವನ್ನು ಮನಸ್ಸಿನ ಬೇಜಾರು ಅಂತ ಮಾತ್ರ ತಿಳಿಯಬೇಡಿ. 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಎನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಜನರ ಜೊತೆ ಗಟ್ಟಿ ನಂಟು ಇದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ, ಇಲ್ಲದವರಿಗಿಂತ 50 ಪ್ರತಿಶತ ಜಾಸ್ತಿ ಇತ್ತು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ವಿಷಯಕ್ಕೆ ಅಂತಲೇ ಮಂತ್ರಿಗಳನ್ನು ನೇಮಿಸಿದ್ದು ಸುಮ್ನೆ ಅಲ್ಲ.

ಪುಸ್ತಕದ ಹುಳು

ನಿಮ್ಮ ‘ದೀಪ’ದ ಮಾತು ಓದಿದಾಗ ನನಗೆ 1995ರ ಷಿಕಾಗೋ ನೆನಪಾಯಿತು. ಆ ಜುಲೈಯಲ್ಲಿ ಅಲ್ಲಿ ಬಿಸಿಗಾಳಿ ಎದ್ದು, ಶಾಖ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಒಂದೇ ವಾರದಲ್ಲಿ ವಾಡಿಕೆಗಿಂತ 739 ಜನ ಜಾಸ್ತಿ ಸತ್ತರು. ಹೆಚ್ಚಿನವರು ವಯಸ್ಸಾದವರು. ಎಷ್ಟೋ ಜನ ಮನೆಯಲ್ಲಿ ಒಬ್ಬರೇ ಇದ್ದಾಗ ಸತ್ತರು.

ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ಒಂದು ನಾರ್ತ್ ಲಾನ್‌ಡೇಲ್, ಇನ್ನೊಂದು ಸೌತ್ ಲಾನ್‌ಡೇಲ್. ಎರಡೂ ಬಡ ಬಡಾವಣೆಗಳು. ಒಂಟಿಯಾಗಿ ಇರುವ ವಯಸ್ಸಾದವರ ಪ್ರಮಾಣವೂ ಸುಮಾರು ಒಂದೇ. ಬಿಸಿಲೂ ಒಂದೇ. ಆದರೆ ನಾರ್ತ್‌ನಲ್ಲಿ ಲಕ್ಷಕ್ಕೆ 40 ಜನ ಸತ್ತರೆ, ಸೌತ್‌ನಲ್ಲಿ ಲಕ್ಷಕ್ಕೆ ನಾಲ್ಕೇ ಜನ.

ಯಾಕೆ ಹೀಗೆ? ಸೌತ್‌ನಲ್ಲಿ ಬೀದಿ ಜೀವಂತವಾಗಿತ್ತು. ಅಂಗಡಿಗಳಿದ್ದವು, ಫುಟ್‌ಪಾತ್ ಮೇಲೆ ಜನ ಇದ್ದರು. ವಯಸ್ಸಾದವರೂ ಹೆದರದೆ ಹೊರಗೆ ಬರುತ್ತಿದ್ದರು. ನಾರ್ತ್‌ನಲ್ಲಿ ಕಾರ್ಖಾನೆಗಳು ಮುಚ್ಚಿ, ಅಂಗಡಿಗಳು ಹೋಗಿ, ಖಾಲಿ ಸೈಟುಗಳು ಉಳಿದಿದ್ದವು. ಜನ ಬಾಗಿಲು ಹಾಕಿಕೊಂಡು ಒಳಗೇ ಇದ್ದರು. ಇದನ್ನು ಓದಿದ ಮೇಲೆ ‘ಈ ಜನ ಒಳ್ಳೆಯವರು, ಆ ಜನ ಕಲ್ಲು ಮನಸ್ಸಿನವರು’ ಎಂದು ಹೇಳುವುದನ್ನು ನಾನು ಬಿಟ್ಟೆ. ಹೊರಗೆ ಬರುವುದಕ್ಕೆ ಒಂದು ನೆಪ ಇದೆಯಾ, ಬಂದರೆ ನಿಲ್ಲುವುದಕ್ಕೆ ಒಂದು ಜಾಗ ಇದೆಯಾ? ನಾನೀಗ ಯಾವ ಬಡಾವಣೆಗೆ ಹೋದರೂ ಮೊದಲು ಇದನ್ನೇ ನೋಡುತ್ತೇನೆ.

ಬಾಡಿಗೆ ಮನೆ

ನನ್ನ ಮಾತು ಸ್ವಲ್ಪ ಖಾರ ಎನಿಸಬಹುದು, ಕ್ಷಮಿಸಿ.

ಏಳು ವರ್ಷದಲ್ಲಿ ನಾನು ಐದು ಮನೆ ಬದಲಾಯಿಸಿದ್ದೇನೆ. ಯಾವುದನ್ನೂ ಇಷ್ಟಪಟ್ಟು ಬಿಟ್ಟಿದ್ದಲ್ಲ. ಬಾಡಿಗೆ ಏರಿತು, ಇಲ್ಲವೇ ಮನೆ ಕೆಡವಿದರು. ಈಗಿರುವ ಕಟ್ಟಡಕ್ಕೆ ಬಂದ ಹೊಸದರಲ್ಲಿ ಅಸೋಸಿಯೇಷನ್ ಸಭೆಗೆ ಖುಷಿಯಿಂದ ಹೋದೆ. ಕುರ್ಚಿ ಹಾಕಿಕೊಂಡು ಕೂತ ಮೇಲೆ, ‘ಇದು ಮಾಲೀಕರ ಸಭೆ, ನಿಮ್ಮ ಮನೆ ಓನರ್ ಬರಲಿ’ ಎಂದರು. ಎದ್ದು ಬಂದೆ. ಲಿಫ್ಟ್ ಕೆಟ್ಟರೆ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದು ನಾನು. ಓನರ್ ಬೇರೆ ಊರಿನಲ್ಲಿದ್ದಾರೆ.

ಮುಂದಿನ ವರ್ಷ ಇಲ್ಲಿರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಪಕ್ಕದ ಮನೆಯವರ ಹೆಸರು ಕೇಳುವುದಕ್ಕೂ ಹಿಂಜರಿಯುತ್ತಾರೆ. ಬೇರು ಬಿಟ್ಟರೆ ಕೀಳುವಾಗ ನೋಯುತ್ತದೆ ಅಲ್ವಾ? ಅಂಥವರನ್ನು ‘ಬೆರೆಯದ ಜನ’ ಅನ್ನಬೇಡಿ, ಅಷ್ಟೇ ನನ್ನ ವಿನಂತಿ.

ನಾಲ್ಕು ಚಕ್ರ

ನಾನು ವೀಲ್‌ಚೇರ್ ಬಳಸುತ್ತೇನೆ. ಬಾಡಿಗೆ ಮನೆಯವರಿಗೆ ‘ಎದ್ದು ಹೋಗಿ’ ಅಂದರು. ನನಗೆ ಹಾಗೆ ಯಾರೂ ಹೇಳುವುದೇ ಬೇಕಿಲ್ಲ. ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಆರು ಮೆಟ್ಟಿಲುಗಳಿವೆ. ಅವೇ ಹೇಳುತ್ತವೆ.

ಪ್ರತಿ ಸಲವೂ ಕರೆಯುತ್ತಾರೆ, ಪ್ರೀತಿಯಿಂದಲೇ ಕರೆಯುತ್ತಾರೆ. ‘ಬನ್ನಿ, ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗ್ತೀವಿ’ ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ಬೆಳೆದ ಮನುಷ್ಯನನ್ನು ಎಲ್ಲರೆದುರು ಮೂಟೆಯ ಹಾಗೆ ಎತ್ತಿದರೆ ಅವನಿಗೆ ಹೇಗನಿಸುತ್ತದೆ? ಎರಡು ಸಲ ಹೋದೆ. ಮೂರನೇ ಸಲ ‘ಕೆಲಸ ಇದೆ’ ಎಂದೆ. ಈಗ ‘ಅವರಿಗೆ ಆಸಕ್ತಿ ಇಲ್ಲ’ ಎಂದುಕೊಂಡಿದ್ದಾರೆ.

ಅಮೆರಿಕದ ಬರ್ಕ್ಲಿಯಲ್ಲಿ 1970ರ ದಶಕದ ಆರಂಭದಲ್ಲಿ ವೀಲ್‌ಚೇರ್ ಬಳಸುವವರು ಹೋರಾಡಿ, ಫುಟ್‌ಪಾತ್ ರಸ್ತೆಗೆ ಇಳಿಯುವ ಕಡೆ ಇಳಿಜಾರು ಮಾಡಿಸಿಕೊಂಡರು. ಕೇಳಿದ್ದು ಕೆಲವೇ ಜನ. ಆಮೇಲೆ ಅದನ್ನು ಬಳಸಿದವರು ಯಾರು ಗೊತ್ತಾ? ಮಗುವಿನ ತಳ್ಳುಗಾಡಿಯವರು, ಚಕ್ರದ ಸೂಟ್‌ಕೇಸ್ ಎಳೆಯುವವರು, ಸಾಮಾನು ತಳ್ಳುವವರು, ಮಂಡಿ ನೋವಿನವರು. ಮೂಲೆಮನೆಯವರೇ, ಆ ಅಮ್ಮ ಮನೆಗೆ ಬಂದ ಮೇಲೆ ವಾಕರ್ ಹಿಡಿದು ನಡೆಯುತ್ತಾರೆ. ನಿಮ್ಮ ರಸ್ತೆಯಲ್ಲಿ ಅವರು ಎಲ್ಲಿಯವರೆಗೆ ಹೋಗಬಹುದು? ಈಗಲೇ ಒಮ್ಮೆ ನಡೆದು ನೋಡಿ.

ಒಂಟಿ ಹಕ್ಕಿ

ಎಲ್ಲರೂ ‘ಗಮನಿಸಬೇಕು, ಗಮನಿಸಬೇಕು’ ಅನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನನ್ನ ಕಥೆಯನ್ನೂ ಕೇಳಿ.

ನಾನು ಒಬ್ಬಳೇ ಇರುವ ಹೆಂಗಸು. ಮೊದಲು ಇದ್ದ ರಸ್ತೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನಾನು ಎಷ್ಟು ಹೊತ್ತಿಗೆ ಬರುತ್ತೇನೆ, ಯಾರು ಬಿಟ್ಟು ಹೋಗುತ್ತಾರೆ, ಬಾಲ್ಕನಿಯಲ್ಲಿ ಯಾವ ಬಟ್ಟೆ ಒಣಗಿದೆ, ಎಲ್ಲಕ್ಕೂ ಲೆಕ್ಕ. ಒಮ್ಮೆ ಜ್ವರ ಬಂದು ಮೂರು ದಿನ ಮಲಗಿದ್ದೆ. ಬಾಗಿಲು ತಟ್ಟಿ ‘ಹೇಗಿದ್ದೀಯಮ್ಮ’ ಎಂದು ಕೇಳಿದವರಿಲ್ಲ. ಆದರೆ ಮೂರು ದಿನ ನಾನು ಕೆಲಸಕ್ಕೆ ಯಾಕೆ ಹೋಗಲಿಲ್ಲ ಎಂದು ಓನರ್‌ಗೆ ಫೋನ್ ಮಾಡಿದವರು ಇಬ್ಬರು! ಮನೆ ಬಿಡಬೇಕಾಯಿತು.

ಈಗ ದೊಡ್ಡ ಕಟ್ಟಡದಲ್ಲಿದ್ದೇನೆ. ಯಾರಿಗೂ ನಾನು ಯಾರೆಂದು ಗೊತ್ತಿಲ್ಲ. ಮೊದಲ ವರ್ಷ ನಿದ್ದೆ ಎಷ್ಟು ಚೆನ್ನಾಗಿ ಬರುತ್ತಿತ್ತು ಎಂದು ಹೇಳಲಾರೆ. ಹಳೇ ಬೀದಿಯ ಪ್ರೀತಿ ಕೆಲವರಿಗೆ ಪ್ರೀತಿ, ಕೆಲವರಿಗೆ ಪಹರೆ. ಅದನ್ನು ಮರೆತು ‘ಆ ಕಾಲ ಚೆನ್ನಾಗಿತ್ತು’ ಎಂದರೆ ನನ್ನಂಥವರನ್ನು ಮತ್ತೆ ಹೊರಗೇ ಇಟ್ಟಂತೆ.

ಮೂಲೆಮನೆ

ಒಂಟಿ ಹಕ್ಕಿಯವರೇ, ನಿಮ್ಮ ಮಾತನ್ನು ಮೂರು ಸಲ ಓದಿದೆ. ನೀವು ಹೇಳಿದ್ದು ಸರಿ. ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ಒಂದು ಪ್ರಶ್ನೆ, ದಯವಿಟ್ಟು ತಪ್ಪು ತಿಳಿಯಬೇಡಿ. ಮತ್ತೆ ಜ್ವರ ಬಂದು ಮೂರು ದಿನ ಮಲಗಿದರೆ ಯಾರು ಬಾಗಿಲು ತಟ್ಟಬೇಕು ಅಂತ ನೀವು ಬಯಸುತ್ತೀರಿ?

ಒಂಟಿ ಹಕ್ಕಿ

ಉತ್ತರ ಕೊಡೋಕೆ ಎರಡು ದಿನ ಬೇಕಾಯಿತು.

ನಾಲ್ಕನೇ ಮಹಡಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಲಿಫ್ಟ್‌ನಲ್ಲಿ ಸಿಕ್ಕಾಗ ನಗುತ್ತಾಳೆ, ಏನೂ ಕೇಳುವುದಿಲ್ಲ. ಅವಳು ತಟ್ಟಿದರೆ ಬಾಗಿಲು ತೆಗೆಯುತ್ತೇನೆ. ಅಂದರೆ ನಾನೇ ಆರಿಸಿಕೊಂಡ ಒಬ್ಬರು ಸಾಕು. ಇಡೀ ಬೀದಿಗೆ ಗೊತ್ತಿರಬೇಕಾಗಿಲ್ಲ.

ಪುಸ್ತಕದ ಹುಳು

ಒಂಟಿ ಹಕ್ಕಿಯವರು ಹೇಳಿದ ಈ ನಗುವಿನ ಪರಿಚಯ ಸಣ್ಣದಲ್ಲ. ಮಾರ್ಕ್ ಗ್ರಾನೊವೆಟರ್ ಎನ್ನುವ ಸಮಾಜಶಾಸ್ತ್ರಜ್ಞ 1973ರಲ್ಲಿ ‘ಸಡಿಲ ನಂಟಿನ ಬಲ’ದ ಬಗ್ಗೆ ಬರೆದರು. ಜನಕ್ಕೆ ಕೆಲಸದ ಸುದ್ದಿ ಹೇಗೆ ಸಿಗುತ್ತದೆ ಎಂದು ವಿಚಾರಿಸಿದಾಗ, ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಜಾಸ್ತಿ ಸಿಕ್ಕಿತ್ತು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಮುಖಪರಿಚಯದವರು ಬೇರೆ ಲೋಕದ ಸುದ್ದಿ ತರುತ್ತಾರೆ.

ಇನ್ನೊಂದು ಮಾತು. ಈ ಮುಖಪರಿಚಯವನ್ನು ರಸ್ತೆಯೇ ಕಿತ್ತುಕೊಳ್ಳಬಲ್ಲದು. 1960ರ ದಶಕದ ಕೊನೆಯಲ್ಲಿ ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆ್ಯಪಲ್‌ಯಾರ್ಡ್ ಅವರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಅಧ್ಯಯನ ಮಾಡಿದರು. ಮನೆಗಳು ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಥರ. ವಾಹನಗಳು ಮಾತ್ರ ದಿನಕ್ಕೆ ಸುಮಾರು 2,000, 8,000 ಮತ್ತು 16,000. ಶಾಂತ ಬೀದಿಯ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರು, ಆರು ಜನ ಪರಿಚಯದವರು. ದಟ್ಟ ವಾಹನದ ಬೀದಿಯಲ್ಲಿ ಗೆಳೆಯರು ಒಬ್ಬರಿಗಿಂತ ಕಡಿಮೆ, ಪರಿಚಯದವರು ಮೂವರು. ‘ನಮ್ಮದು’ ಎಂದು ಜನ ಹೇಳುವ ಜಾಗವೂ ಹಾಗೇ. ಶಾಂತ ಬೀದಿಯವರು ಇಡೀ ಬೀದಿಯೇ ತಮ್ಮದು ಎಂದರು. ದಟ್ಟ ಬೀದಿಯವರಿಗೆ ತಮ್ಮದು ಅನ್ನುವ ಜಾಗ ಮನೆ ಬಾಗಿಲಿಗೇ ಮುಗಿದಿತ್ತು.

ಇಲ್ಲೇ ಹುಟ್ಟಿದವನು

ನನಗೆ ಅರವತ್ತಾರು. ಹುಟ್ಟಿದ ಬೀದಿಯಲ್ಲೇ ಇದ್ದೇನೆ. ಬೀದಿ ಮಾತ್ರ ನನ್ನ ಬೀದಿಯಾಗಿ ಉಳಿದಿಲ್ಲ. ಬೆಳಿಗ್ಗೆ ನಡೆಯುವಾಗ ಎದುರು ಬರುವ ಇಪ್ಪತ್ತು ಜನರಲ್ಲಿ ಒಬ್ಬರಾದರೂ ತಲೆ ಎತ್ತುವುದಿಲ್ಲ. ನಾವು ಕೂರುತ್ತಿದ್ದ ಕಲ್ಲಿನ ಕಟ್ಟೆಯನ್ನು ಒಡೆದರು. ‘ಯಾರ್ಯಾರೋ ಬಂದು ಕೂರ್ತಾರೆ’ ಎಂದು ದೂರು ಹೋಗಿತ್ತಂತೆ. ಆ ಯಾರ್ಯಾರೋ ನಾನೇ. ನನ್ನ ಗೆಳೆಯರೇ. ಅದನ್ನು ಒಡೆದ ದಿನ ನಾನು ಊಟ ಮಾಡಲಿಲ್ಲ.

ಹೊಸಬರ ಮೇಲೆ ಕೋಪ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಂಟಿ ಹಕ್ಕಿ ಅವರ ಮಾತು ಓದಿದ ಮೇಲೆ ಒಂದು ಹಳೆಯ ವಿಷಯ ನೆನಪಾಯಿತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಮನೆಯಿತ್ತು. ಯಾವ ಶುಭಕಾರ್ಯಕ್ಕೂ ನಾವು ಆ ಮನೆಯವರನ್ನು ಕರೆಯುತ್ತಿರಲಿಲ್ಲ. ಆ ಮನೆಯ ಹುಡುಗ ನನ್ನ ವಯಸ್ಸಿನವನೇ. ಕಟ್ಟೆಯ ಮೇಲೆ ಅವನು ಕೂತದ್ದನ್ನು ನಾನು ನೋಡಿಲ್ಲ. ನಿಂತಿರುತ್ತಿದ್ದ. ಎಲ್ಲರೂ ಒಂದಾಗಿದ್ದೆವು ಎಂದು ನಾನು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಆ ಹುಡುಗನನ್ನು ಕೇಳಿದ್ದರೆ ಏನು ಹೇಳುತ್ತಿದ್ದನೋ.

ಕಾವಲಿನವರ ಮಗಳು

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಮ್ಮ ಅಪ್ಪ ಸೆಕ್ಯೂರಿಟಿ ಕೆಲಸ ಮಾಡುತ್ತಾರೆ. ಮೂಲೆಮನೆಯವರು ಹೇಳಿದವರಲ್ಲ, ಬೇರೆ ಕಟ್ಟಡ, ಬೇರೆ ಊರು.

ಹನ್ನೆರಡು ಗಂಟೆ ಪಾಳಿ. ಅಪ್ಪನಿಗೆ 64 ಮನೆಯವರ ಹೆಸರು ಗೊತ್ತು. ಯಾವ ಮಗುವಿಗೆ ನಾಯಿ ಕಂಡರೆ ಭಯ, ಯಾರಿಗೆ ಉಸಿರಾಟದ ತೊಂದರೆ, ಯಾರ ಮಗ ಬೇರೆ ದೇಶದಲ್ಲಿದ್ದಾನೆ, ಎಲ್ಲ ಗೊತ್ತು. ಅಪ್ಪನ ಹೆಸರು ಎಷ್ಟು ಜನಕ್ಕೆ ಗೊತ್ತು ಎಂದು ಒಮ್ಮೆ ಕೇಳಿದೆ. ಯೋಚಿಸಿ, ಬೆರಳು ಮಡಚಿ, ‘ಆರು’ ಎಂದರು. ಆ ಆರು ಮನೆಯವರ ಬಗ್ಗೆ ಹೇಳುವಾಗ ಅವರ ಮುಖವೇ ಬೇರೆ ಇರುತ್ತದೆ.

ನಾವು ಮೊದಲು ಆ ಕಟ್ಟಡದ ಹತ್ತಿರವೇ ಇದ್ದೆವು. ಕಟ್ಟಡ ಬಂತು, ಸುತ್ತ ಬಾಡಿಗೆ ಏರಿತು. ಈಗ ಅಪ್ಪ ಒಂದೂವರೆ ಗಂಟೆ ಪ್ರಯಾಣ ಮಾಡಿ ಬರುತ್ತಾರೆ. ನಾನು ಕಾಲೇಜಿನಲ್ಲಿ ಇದಕ್ಕೆ ‘ಜೆಂಟ್ರಿಫಿಕೇಶನ್’ ಅಂತ ಹೆಸರಿದೆ, ಲಂಡನ್ ಬಗ್ಗೆ ಬರೆಯುವಾಗ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಈ ಪದ ಬಳಸಿದರು ಅಂತ ಓದಿದೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ‘ನಮಗೆ ಆಗಿದ್ದಕ್ಕೆ ಒಂದು ಹೆಸರು ಬೇರೆ ಇದೆಯಾ?’ ಎಂದು ಕೇಳಿದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಆ ಅಮ್ಮನನ್ನು ಕಂಡುಹಿಡಿದವರನ್ನು ಗ್ರೂಪ್‌ಗೆ ಸೇರಿಸಿದಿರಾ ಮೂಲೆಮನೆಯವರೇ?

ಮೂಲೆಮನೆ

ಸೇರಿಸಿದ್ದೇವೆ ಮಗಳೇ. ಸೇರಿಸುವ ಮುಂಚೆ ಅವರನ್ನೇ ಕೇಳಿದೆ. ‘ಇಡೀ ದಿನ ಟಿಣ್ ಟಿಣ್ ಅಂತಿರುತ್ತೆ, ಅದು ಬೇಡ, ತುರ್ತಿಗೆ ಒಂದು ಬೇರೆ ಗ್ರೂಪ್ ಮಾಡಿ’ ಎಂದರು. ಹಾಗೇ ಮಾಡಿದೆವು. ಅದರಲ್ಲಿ ಐದು ಕಟ್ಟಡದ ಸೆಕ್ಯೂರಿಟಿಯವರು, ರಸ್ತೆ ಗುಡಿಸುವ ಇಬ್ಬರು, ನಾವು ಕೆಲವರು.

ಈಗ ಅಮ್ಮನ ವಿಷಯ. ಮನೆಗೆ ಬಂದಿದ್ದಾರೆ, ವಾಕರ್ ಹಿಡಿದು ನಡೆಯುತ್ತಿದ್ದಾರೆ. ನಾವು ನಾಲ್ಕು ಮನೆಯವರು ಸೇರಿ ಒಂದು ಪಟ್ಟಿ ಮಾಡಿದ್ದೆವು. ಸೋಮವಾರ ಇವರು ನೋಡಿಕೊಳ್ಳುವುದು, ಮಂಗಳವಾರ ಅವರು, ಹೀಗೆ. ಹೆಮ್ಮೆಯಿಂದ ತೋರಿಸಿದೆವು. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಚಿ ನನ್ನ ಕೈಗೇ ಕೊಟ್ಟರು. ‘ಎಲ್ಲ ದಿನವೂ ನಾನು ತಗೊಳ್ಳೋಳು ಮಾತ್ರ. ನಾನು ಕೊಡೋದು ಎಲ್ಲಿದೆ ಇದರಲ್ಲಿ?’ ಎಂದು ಕೇಳಿದರು.

ಏನು ಹೇಳಬೇಕೋ ತೋಚಲಿಲ್ಲ. ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು, ಅದೂ ನನಗೆ ಆಗಲೇ ಗೊತ್ತಾದದ್ದು. ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವರು ನಾಲ್ಕು ಜನಕ್ಕೆ ಫೋನ್ ಮಾಡುತ್ತಾರೆ. ನಾಲ್ವರೂ ಒಂಟಿಯಾಗಿ ಇರುವವರು, ನಾಲ್ವರೂ ಒಪ್ಪಿಕೊಂಡವರು. ಅವರಲ್ಲಿ ಒಬ್ಬ ಇಪ್ಪತ್ತಾರು ವರ್ಷದ ಹುಡುಗ, ಮನೆಯಿಂದಲೇ ಕೆಲಸ ಮಾಡುವವನು. ವಾರಗಟ್ಟಲೆ ಯಾರ ಜೊತೆಯೂ ಮಾತೇ ಇರುತ್ತಿರಲಿಲ್ಲ ಎಂದು ಅವನೇ ಹೇಳಿದ. ಫೋನ್ ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡುವುದು. ಆಗಲೂ ಎತ್ತದಿದ್ದರೆ, ಆ ವ್ಯಕ್ತಿಯೇ ಮೊದಲು ಆರಿಸಿಟ್ಟ ಒಬ್ಬರಿಗೆ ಅಮ್ಮ ತಿಳಿಸುವುದು. ಬೇರೆ ಯಾರಿಗೂ ಹೇಳುವುದಿಲ್ಲ. ಈ ಕೊನೆಯ ನಿಯಮ ಒಂಟಿ ಹಕ್ಕಿಯವರಿಂದ ಕಲಿತದ್ದು.

ಅಮ್ಮನಿಗೆ ಯಾರು ಫೋನ್ ಮಾಡುತ್ತಾರೆ? ಅವರು ಫೋನ್ ಮಾಡದಿದ್ದರೆ ಆ ನಾಲ್ವರೂ ಓಡಿ ಬರುತ್ತಾರೆ.

ಮನೆಭೇಟಿ ನರ್ಸ್

ಇದನ್ನು ಓದಿ ಕಣ್ಣು ತುಂಬಿತು. ಜಿಂಬಾಬ್ವೆಯ ಹರಾರೆಯಲ್ಲಿ ಇಂಥದ್ದೇ ಒಂದು ಕೆಲಸ ನಡೆದಿದೆ. 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟು ಶುರು ಮಾಡಿದರು. ಆಸ್ಪತ್ರೆಯ ಹೊರಗೆ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ಮನಸ್ಸು ಭಾರವಾದವರು. ಅಜ್ಜಿಯರು ಕೇಳಿಸಿಕೊಳ್ಳುತ್ತಾರೆ, ಒಂದು ತೊಂದರೆ ಆರಿಸಿಕೊಂಡು ಅದಕ್ಕೆ ದಾರಿ ಹುಡುಕಲು ಜೊತೆಯಾಗುತ್ತಾರೆ. 2016ರಲ್ಲಿ ಬಂದ ಅಧ್ಯಯನದಲ್ಲಿ, ಆರು ತಿಂಗಳ ಬಳಿಕ ಬೆಂಚಿನ ಮೇಲೆ ಕೂತವರಲ್ಲಿ ಖಿನ್ನತೆಯ ಲಕ್ಷಣ, ಬೆಂಚಿಗೆ ಬಾರದವರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ನಿಮ್ಮ ಅಮ್ಮನ ಕೈಯಲ್ಲಿ ಬೆಂಚಿನ ಬದಲು ಫೋನ್ ಇದೆ, ಅಷ್ಟೇ.

ಒಂದು ಎಚ್ಚರ. ಯಾರಾದರೂ ‘ಬದುಕೋಕೆ ಇಷ್ಟ ಇಲ್ಲ’ ಎಂಬ ಥರ ಮಾತಾಡಿದರೆ ಅದನ್ನು ಅಮ್ಮ ಒಬ್ಬರೇ ಹೊರಬಾರದು. ತಕ್ಷಣ ವೈದ್ಯರ ಹತ್ತಿರ ಹೋಗಬೇಕು. ಇದನ್ನು ಮೊದಲೇ ಮಾತಾಡಿಕೊಂಡಿರಿ.

ಇಲ್ಲೇ ಹುಟ್ಟಿದವನು

ಕಟ್ಟೆ ಮತ್ತೆ ಕಟ್ಟಿಸುವುದಕ್ಕೆ ಅರ್ಜಿ ಬರೆದಿದ್ದೇನೆ. ಈ ಸಲ ಸಹಿ ಹಾಕಿಸಲು ಹೊಸ ಕಟ್ಟಡಗಳಿಗೂ ಹೋದೆ. ಬಾಗಿಲು ತೆರೆದವರಲ್ಲಿ ಹೆಚ್ಚಿನವರು ಬಾಡಿಗೆಯವರು. ‘ನಾವು ಹಾಕಬಹುದಾ?’ ಎಂದು ಕೇಳಿದರು. ಹಾಕಿ ಎಂದೆ. 41 ಸಹಿ ಆಗಿದೆ.

ಬಾಡಿಗೆ ಮನೆ

‘ನಾವು ಹಾಕಬಹುದಾ?’ ಎಂದು ಕೇಳಿದರಲ್ಲ, ಆ ಪ್ರಶ್ನೆಯ ಹಿಂದೆ ಎಷ್ಟು ಮನೆಗಳ ನೋವಿದೆ ಎಂದು ನನಗೆ ಗೊತ್ತು. ‘ಹಾಕಿ’ ಎಂದದ್ದಕ್ಕೆ ಧನ್ಯವಾದ ಹಿರಿಯರೇ. ನಮ್ಮ ಅಸೋಸಿಯೇಷನ್‌ಗೂ ಪತ್ರ ಕೊಟ್ಟಿದ್ದೇನೆ. ಮತ ಬೇಡ, ಮಾತಾಡಲು ಅವಕಾಶ ಕೊಡಿ ಎಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ನಾಲ್ಕು ಚಕ್ರ

ಅರ್ಜಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನೂ ಸಮುದಾಯ ಭವನದ ಇಳಿಜಾರಿಗೆ ಅರ್ಜಿ ಕೊಡುತ್ತಿದ್ದೇನೆ. ಲೆಕ್ಕ ಹಾಕಿದೆ. ಆರು ಮೆಟ್ಟಿಲು, ಒಂದೊಂದು ಆರು ಇಂಚು, ಒಟ್ಟು ಮೂರು ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಕೈಯಲ್ಲಿ ತಳ್ಳಿಕೊಂಡು ಹತ್ತುವುದು ತುಂಬ ಕಷ್ಟ. ಅಂದರೆ 36 ಅಡಿ. ನಡುವೆ ಉಸಿರು ತೆಗೆದುಕೊಳ್ಳಲು ಒಂದು ಸಮತಟ್ಟು ಜಾಗ. ‘ಜಾಗ ಇಲ್ಲ’ ಎನ್ನುತ್ತಾರೆ ಎಂದು ಗೊತ್ತು, ಅದಕ್ಕೇ ಪಕ್ಕದ ಗೋಡೆಗುಂಟ ಒಮ್ಮೆ ತಿರುಗಿಸಿ ನಕ್ಷೆ ಬರೆದಿದ್ದೇನೆ. ಯಾರಾದರೂ ಇಂಜಿನಿಯರ್ ಇದ್ದರೆ ನೋಡಿ ಹೇಳುತ್ತೀರಾ?

ಮೂಲೆಮನೆ

ನನ್ನ ತಮ್ಮ ಸಿವಿಲ್ ಇಂಜಿನಿಯರ್. ನಕ್ಷೆ ಕಳಿಸಿ, ಇವತ್ತೇ ತೋರಿಸುತ್ತೇನೆ. ನಮ್ಮ ರಸ್ತೆಯವರೂ ಭಾನುವಾರ ಸಂಜೆ ಆರಕ್ಕೆ ಅಮ್ಮನ ಮನೆಯ ಅಂಗಳದಲ್ಲಿ ಸೇರುತ್ತಿದ್ದೇವೆ, ಫುಟ್‌ಪಾತ್ ವಿಷಯ ಮಾತಾಡಲು. ಅಂಗಳಕ್ಕೆ ಮೆಟ್ಟಿಲಿಲ್ಲ, ನೋಡಿಕೊಂಡೇ ಆರಿಸಿದ್ದು. ಬಾಡಿಗೆಯವರನ್ನೂ ಸೆಕ್ಯೂರಿಟಿಯವರನ್ನೂ ಕರೆದಿದ್ದೇವೆ.

ಕಾವಲಿನವರ ಮಗಳು

ಸಂಜೆ ಆರು ಅಂದರೆ ಅವರಿನ್ನೂ ಪಾಳಿಯಲ್ಲಿರುತ್ತಾರೆ, ಗೇಟ್ ಬಿಟ್ಟು ಬರಲು ಆಗುವುದಿಲ್ಲ. ನಮ್ಮಪ್ಪನ ಪಾಳಿ ಬಿಡುವುದು ಎಂಟಕ್ಕೆ. ಅವರದು ಎಷ್ಟಕ್ಕೆ ಎಂದು ಒಮ್ಮೆ ಕೇಳುತ್ತೀರಾ?

ಮೂಲೆಮನೆ

ಕೇಳಿ ಬಂದೆ. ಏಳೂವರೆಗೆ ಬಿಡುತ್ತಾರಂತೆ. ಸಭೆ ಏಳೂ ಮುಕ್ಕಾಲಿಗೆ ಇಟ್ಟಿದ್ದೇವೆ.